ಬಲಗಡೆ ಹಿಡಿಕೆಯ ನೀಲಿ

ಜೂನ್ 3, ಮಂಗಳವಾರ

ಹೊರಡುವ ಮುಂಚೆ ನನ್ನ ಹೆಂಡತಿ ಎರಡು ಕೆಲಸ ಒಪ್ಪಿಸಿ ಹೋಗಿದ್ದಾಳೆ. ಒಂದು, ಅವಳಪ್ಪನ ಕಣ್ಣಿನ ಪೊರೆಗೆ ಆಪರೇಷನ್ ಮಾಡಿಸುವುದು. ಇನ್ನೊಂದು, ಅವರ ಜೊತೆ ಜಗಳ ಆಡದಿರುವುದು. "ಕೋಪ ಬಂದ್ರೆ ಪುಸ್ತಕದಲ್ಲಿ ಬರ್ಕೋ, ಬಾಯಲ್ಲಿ ಬೇಡ" ಅಂತ ಈ ಡೈರಿಯನ್ನು ಕೈಗೆ ತುರುಕಿ ರೈಲು ಹತ್ತಿಬಿಟ್ಟಳು. ರೈಲು ಓಡಿಸುವವಳು ಅವಳು. ಹೊಸ ಎಂಜಿನ್ನಿನ ತರಬೇತಿಗೆ ಹೋಗಿದ್ದಾಳೆ, ಬರುವುದು ಜುಲೈ ನಡುವಿಗೆ.

ಅವಳು ಅತ್ತ ಹೋದಳು, ಮಾವನವರು ಟ್ರಂಕಿನ ಸಮೇತ ಇತ್ತ ಬಂದರು. ನನಗೆ ಜೊತೆಗಿರಲಿ ಅಂತ ಮಗಳೇ ಕರೆಸಿದ್ದಂತೆ. ನಾನೇನು ತೊಟ್ಟಿಲ ಕೂಸೇ? ಲಿಫ್ಟ್ ರಿಪೇರಿ ಮಾಡುವವನು, ಹನ್ನೆರಡನೇ ಮಹಡಿಯ ಕತ್ತಲೆ ಗುಂಡಿಯಲ್ಲಿ ಒಬ್ಬನೇ ನೇತಾಡುವವನು.

ಬಂದ ದಿನವೇ ನನ್ನ ಸ್ಕ್ರೂಡ್ರೈವರುಗಳನ್ನೆಲ್ಲ ಉದ್ದದ ಪ್ರಕಾರ ಜೋಡಿಸಿಟ್ಟಿದ್ದಾರೆ. ಈಗ ಒಂದೂ ಸಿಗುತ್ತಿಲ್ಲ.

ಕಣ್ಣಿನ ಮಾತೆತ್ತಿದೆ. "ನನ್ನ ಕಣ್ಣಿಗೇನು ಧಾಡಿ, ಅಳಿಯಂದ್ರೇ? ಬಸ್ಸಿನ ಬಣ್ಣ ಬೆರೆಸಿ ಬೆರೆಸಿ ಪಳಗಿದ ಕಣ್ಣು. ನೀವು ನಿಮ್ಮ ಲಿಫ್ಟ್ ನೋಡ್ಕೊಳ್ಳಿ" ಅಂದರು. ಬಸ್ಸುಗಳಿಗೆ ಬಣ್ಣ ಹೊಡೆಯುವ ಕಾರ್ಖಾನೆಯಲ್ಲಿ ಇವರು ಬಣ್ಣ ಬೆರೆಸುವ ಮೇಸ್ತ್ರಿಯಾಗಿದ್ದರು. ಆ ಪ್ರತಾಪ ಗೊತ್ತಿಲ್ಲದವರು ನಮ್ಮ ಹಾಲ್ ನೋಡಬೇಕು. ಹೋದ ವರ್ಷ "ಅಚ್ಚ ಬಿಳಿ ಬಳಿದುಕೊಡ್ತೀನಿ" ಅಂತ ಮೈಮೇಲೆ ಬಂದವರ ಹಾಗೆ ಬಳಿದರು. ನೋಡಿದರೆ ನೀಲಿ! ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಸೊಂಟ ಜಿಗುಟಿ, "ತುಂಬಾ ಚೆನ್ನಾಗಿದೆಯಪ್ಪ" ಅಂದಳು. ಅಂದಿನಿಂದ ಈಜುಕೊಳದ ತಳದಲ್ಲಿ ಕೂತು ಟಿ.ವಿ. ನೋಡುತ್ತಿದ್ದೇವೆ.

ಬರೆದ ಮೇಲೆ ಕೋಪ ಇಳಿಯಬೇಕಂತೆ. ಇಳಿದಿಲ್ಲ.

ಜೂನ್ 6, ಶುಕ್ರವಾರ

ಗುಟ್ಟು ರಟ್ಟಾಯಿತು.

ಹೆಂಡತಿ ಬರುವಷ್ಟರಲ್ಲಿ ಅವಳಿಗೊಂದು ವಿಡಿಯೋ ಗೇಮಿನ ಪೆಟ್ಟಿಗೆ ಮಾಡಿ ಹಾಲ್‌ನಲ್ಲಿ ನಿಲ್ಲಿಸಬೇಕು ಅಂತ ನನ್ನ ಆಸೆ. ಹಿಂದೆ ಗೇಮಿನ ಅಂಗಡಿಗಳಲ್ಲಿ ಇರುತ್ತಿತ್ತಲ್ಲ, ಆಳೆತ್ತರದ್ದು, ಎರಡು ಜಾಯ್‌ಸ್ಟಿಕ್ ಇರುವುದು, ಅಂಥದ್ದು. ಪ್ಲೈವುಡ್ಡಿನ ಮೈ ಆಗಿದೆ. ಹಳೆಯ ಮಾನಿಟರ್ ಕೂತಿದೆ. ಹಿಡಿಕೆಗಳ ಕೆಳಗಿನ ಸ್ವಿಚ್ಚುಗಳನ್ನು ಲಿಫ್ಟಿನ ಗುಂಡಿಗಳ ಹಾಗೇ ಟಿಕ್ ಟಿಕ್ ಅನ್ನುವಂತೆ ಕೂರಿಸಿದ್ದೇನೆ. ಉಳಿದಿರುವುದು ಹಿಡಿಕೆಯ ತುದಿಗೆ ತಿರುಗಿಸಿ ಹಾಕುವ ಗುಂಡುಗಳು ಮಾತ್ರ. ಎಡಗಡೆಯದು ಇದೆ, ಬಲಗಡೆಯದು ಇಲ್ಲ.

ಎಡಗಡೆಯದು ಹೆಂಡತಿಯ ಆಸ್ತಿ. ನವಿಲು ನೀಲಿ ಬಣ್ಣದ ಹಳೇ ಗುಂಡು, ಅವಳ ಡ್ರಾಯರಿನಲ್ಲಿ ಸೂಜಿ ದಾರದ ಜೊತೆ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಾಗ ಮಾವನವರು ಹಿಂದಿನಿಂದ ಬಂದು ಕಸಿದುಕೊಂಡರು. ಪೆಟ್ಟಿಗೆ ನೋಡಿದರು. ಗುಂಡು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತೇಬಿಟ್ಟರು.

"ಇದು ನಮ್ಮ ಕಾರ್ಖಾನೆ ಪಕ್ಕದ ಗೇಮಿನ ಅಂಗಡೀದು. ಸಂಬಳದ ದಿನ ಕರ್ಕೊಂಡು ಹೋಗ್ತಿದ್ದೆ. ಅವಳು ಎಡಗಡೆ, ನಾನು ಬಲಗಡೆ. ಒಂದಿನಾನೂ ನನ್ನ ಗೆಲ್ಲೋಕೆ ಬಿಟ್ಟವಳಲ್ಲ. ಒಂದೇ ಒಂದು ಸಲ ಸೋತಳು ನೋಡಿ, ಗುಂಡನ್ನೇ ಕಚ್ಚಿಬಿಟ್ಟಳು. ಇಲ್ಲಿ, ಕೆಳಗೆ, ಹಲ್ಲಿನ ಗುರುತು. ಅಂಗಡಿ ಮುಚ್ಚಿದ ದಿನ ಮಾಲೀಕರು, ಕಚ್ಚಿದವಳೇ ಇಟ್ಕೊಳ್ಳಲಿ ಅಂತ ಬಿಚ್ಚಿ ಕೊಟ್ಟರು."

ನಿಜವಾಗಿಯೂ ಹಲ್ಲಿನ ಗುರುತಿದೆ. ಮದುವೆಯಾದವನಿಗೆ ಈ ವಿಷಯ ಮೊದಲೇ ತಿಳಿಸಬೇಕಿತ್ತು.

ಸಂಜೆ ಇಬ್ಬರೂ ಬಿಡಿಭಾಗದ ಅಂಗಡಿಗೆ ಹೋದೆವು. ಅಂಗಡಿಯವನು ಡಬ್ಬ ಸುರಿದ. ಕೆಂಪು, ಹಳದಿ, ಕಪ್ಪು, ಹಸಿರು, ಬಿಳಿ. ನೀಲಿಯೂ ಇತ್ತು, ಆದರೆ ಬಾಟಲಿ ಮುಚ್ಚಳದ ನೀಲಿ. "ಇದನ್ನೇ ಹಾಕಿಬಿಡೋಣ, ಯಾರು ನೋಡ್ತಾರೆ" ಅಂದೆ. ಮಾವನವರು ನನ್ನನ್ನು ನೋಡಿದ ನೋಟ! "ಜೋಡಿ ಅಂದ್ರೆ ಜೋಡಿ, ಅಳಿಯಂದ್ರೇ. ಬಿಳಿ ಒಂದು ಡಜನ್ ತಗೊಳ್ಳಿ. ಬಣ್ಣ ನಾನು ಹಾಕ್ತೀನಿ."

ನನ್ನ ಪೆಟ್ಟಿಗೆಗೆ ಈಗ ಇವರು ಮೇಸ್ತ್ರಿ.

ಜೂನ್ 9, ಸೋಮವಾರ

ನಿನ್ನೆ ಬಿಳಿ ಗುಂಡಿಗೆ ಪೇಂಟ್ ಹೊಡೆದೆವು. ಇವತ್ತು ಬೆಳಗ್ಗೆ ಒಣಗಿದೆ ಅಂದುಕೊಂಡು ಹಿಡಿದು ಆಡಿ ನೋಡಿ ಕೆಲಸಕ್ಕೆ ಓಡಿದೆ. ಒಂದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಎಲ್ಲ ಮಹಡಿಯ ಗುಂಡಿ ಒತ್ತಿ ಪರೀಕ್ಷೆ ಮಾಡಿದೆ. ಎಲ್ಲದರ ಮೇಲೂ ನೀಲಿ ಹೆಬ್ಬೆಟ್ಟು! ಕಾರ್ಯದರ್ಶಿ ಹೆಂಗಸು, "ಏನ್ರೀ ಇದು, ಪೊಲೀಸ್ ಸ್ಟೇಷನ್ ಮಾಡಿಬಿಟ್ರಾ ನಮ್ಮ ಲಿಫ್ಟನ್ನ?" ಅಂದರು. ಊಟದ ಹೊತ್ತನ್ನೆಲ್ಲ ಉಜ್ಜುವುದರಲ್ಲೇ ಕಳೆದೆ.

ಮನೆಗೆ ಬಂದು ಹೇಳಿದರೆ ಮಾವನವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನನಗೂ ನಗು ಬಂತು. ತೋರಿಸಿಕೊಳ್ಳಲಿಲ್ಲ.

ಕೈ ಬೆವರಿಗೆ ಪೇಂಟ್ ನಿಲ್ಲುವುದಿಲ್ಲ. ಬಣ್ಣ ಒಳಗೇ ಇಳಿಯಬೇಕಂತೆ. ಅಂದರೆ ಕುದಿಸಬೇಕಂತೆ.

ಜೂನ್ 15, ಭಾನುವಾರ

ಬಟ್ಟೆಗೆ ಹಾಕುವ ಬಣ್ಣದ ಪುಡಿ ತಂದೆವು. ಒಂದು ಪೊಟ್ಟಣ ನೀಲಿ, ಒಂದು ಹಸಿರು. ಬಿಸಿ ನೀರು, ಸ್ವಲ್ಪ ವಿನೆಗರ್, ಅದರಲ್ಲಿ ನೈಲಾನಿನ ಬಿಳಿ ಗುಂಡು. ಮಾವನವರು ಚಮಚ ಹಿಡಿದು, ಅದು ಬೇಯುವುದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಯಾವ ಪಾತ್ರೆಯಲ್ಲಿ ಕುದಿಯುತ್ತಿದೆ ಅಂತ ಇಬ್ಬರೂ ನೋಡಲಿಲ್ಲ. ಅದು ಹಾಲಿನ ಪಾತ್ರೆ. ಹೆಂಡತಿಯ ತವರಿನ ಪಾತ್ರೆ ಬೇರೆ. ಈಗ ಅದರ ಹೊಟ್ಟೆಯೆಲ್ಲ ನೀಲಿ.

ಹೋಗಲಿ ಅಂದರೆ ಗುಂಡಾದರೂ ಸರಿಯಾಗಬೇಡವೇ? ಮೊದಲನೆಯದು ಕಡು ನೀಲಿಯಾಯಿತು. "ಸರಿಯಾಗಿದೆ, ಜೋಡಿ" ಅಂದರು. ಅಲ್ಲ ಅಂದೆ. ಇನ್ನೊಂದು ಬೇಯಿಸಿದರು, ಅದು ಪಾಚಿ ಹಸಿರು. "ಇದೂ ಸರಿ. ಎರಡೂ ಒಂದೇ" ಅಂದರು. ಇಲ್ಲೇ ನನ್ನ ತಲೆ ಕೆಟ್ಟದ್ದು. ಕಡು ನೀಲಿ, ಪಾಚಿ ಹಸಿರು, ಎರಡೂ ಒಂದೇ ಅಂತೆ!

"ನನ್ನನ್ನ ಆಟ ಆಡಿಸ್ತಿದ್ದೀರಾ?" ಅಂದೆ.

"ಬಣ್ಣದ ವಿಷಯದಲ್ಲಿ ನನಗೆ ಪಾಠ ಹೇಳೋಕೆ ಬರಬೇಡಿ. ಇಂಥಾ ಎಷ್ಟು ಬಣ್ಣ ಅರೆದು ಕುಡಿದಿದ್ದೀನಿ."

"ಹಾಗಾದ್ರೆ ನೀವೇ ಕಟ್ಕೊಳ್ಳಿ ಪೆಟ್ಟಿಗೇನ!"

ಬಾಯಲ್ಲೇ ಜಗಳ ಆಡಿಬಿಟ್ಟೆ. ಪುಸ್ತಕ ನೆನಪಾಗಿದ್ದು ಆಮೇಲೆ.

ಜೂನ್ 18, ಬುಧವಾರ

ಮಾತಿಲ್ಲ. ಇಬ್ಬರೂ ಮುಖ ಊದಿಸಿಕೊಂಡು ಓಡಾಡುತ್ತಿದ್ದೇವೆ. ಹೆಂಡತಿ ಫೋನಿನಲ್ಲಿ "ಹೇಗಿದ್ದೀರಾ ಇಬ್ರೂ?" ಅಂದಳು. "ಹಾಲು ಜೇನು" ಅಂದೆ. "ಕಣ್ಣಿನ ಡಾಕ್ಟರು?" ಅಂದಳು. "ಗದ್ದಲದಲ್ಲಿ ಕೇಳ್ತಿಲ್ಲ" ಅಂದೆ.

ಹಾಲು ಅಂದ ಕೂಡಲೇ ನೆನಪಾಯಿತು. ಬೆಳಗ್ಗೆ ಮಾವನವರು ಆ ಪಾತ್ರೆಯನ್ನು ಉಜ್ಜಿ ಉಜ್ಜಿ ಅದರಲ್ಲೇ ಹಾಲು ಕಾಯಿಸಿದ್ದರು. ಹಾಲು ತಿಳಿ ನೀಲಿಯಾಗಿತ್ತು. ಲೋಟಕ್ಕೆ ಬಗ್ಗಿಸಿಕೊಂಡು ಇನ್ನೇನು ಬಾಯಿಗಿಡಬೇಕು, ನಾನು ಕಸಿದು ಚೆಲ್ಲಿದೆ. "ಬೆಳ್ಳಗಿರೋ ಹಾಲನ್ನ ಯಾಕ್ರೀ ಚೆಲ್ತೀರಿ?" ಅಂತ ರೇಗಿದರು. ನಾನು ಅವರ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

ಅವರ ಕಾಲಿನಲ್ಲಿ ಒಂದು ಕಪ್ಪು ಸಾಕ್ಸ್, ಒಂದು ನೀಲಿ ಸಾಕ್ಸ್.

ಕೆಲಸದಲ್ಲಿ ಇಡೀ ದಿನ ಮನಸ್ಸು ನಿಲ್ಲಲಿಲ್ಲ. ನಮ್ಮ ಹಾಲ್ ಗೋಡೆ. ಬಳಿಯುವಾಗ ಅಂಗಡಿಯ ಬಿಳಿ ಹಳದಿಯಾಗಿದೆ ಅಂತ ಬೈದು ಬೈದು ಅದಕ್ಕೆ ನೀಲಿ ಬೆರೆಸಿದ್ದರು, ಅವರ ಕಣ್ಣಿಗೆ ಬೆಳ್ಳಗೆ ಕಾಣುವವರೆಗೆ ಬೆರೆಸಿದ್ದಾರೆ. ನಾವು ಗೋಡೆ ನೋಡಿದೆವೇ ಹೊರತು ಅವರ ಕಣ್ಣು ನೋಡಲಿಲ್ಲ. ಚೆನ್ನಾಗಿದೆಯಂತೆ, ಮಣ್ಣು!

ಜೂನ್ 22, ಭಾನುವಾರ

ಇವತ್ತು ಒಂದು ನಾಟಕ ಹೂಡಿದೆ. ಹಳೇ ಗುಂಡು, ಕಡು ನೀಲಿ, ಪಾಚಿ ಹಸಿರು, ಮತ್ತೆ ಅವರು ಮುನಿಸಿನಲ್ಲೇ ಬೇಯಿಸಿದ ಇನ್ನೂ ಕೆಲವನ್ನು ತಟ್ಟೆಯಲ್ಲಿಟ್ಟು ಕಿಟಕಿ ಹತ್ತಿರ ತಂದೆ.

"ಮಾವ, ನನಗೇ ಕಣ್ಣು ಸರಿ ಇಲ್ವೇನೋ. ಇದರಲ್ಲಿ ಹಳೇದು ಯಾವುದು, ತೋರಿಸಿ."

ಅವರು ಸುಮ್ಮನೆ ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಇಟ್ಟರು. ನಾಲ್ಕನೆಯದನ್ನು ಎತ್ತಿದವರೇ, "ಇದು" ಅಂದರು. ಸರಿಯಾಗಿತ್ತು! ನನಗೆ ಒಂದು ಕ್ಷಣ ಖುಷಿಯಾಯಿತು. ಆಮೇಲೆ ನೋಡಿದೆ, ಅವರ ಹೆಬ್ಬೆರಳು ಗುಂಡಿನ ಕೆಳಗೆ ಹಲ್ಲಿನ ಗುರುತಿನ ಮೇಲೆ ಕೂತಿತ್ತು.

"ಮಾವ, ಕೈ ಹಚ್ಚದೆ ಹೇಳಿ."

ಗುಂಡನ್ನು ತಟ್ಟೆಗೆ ಹಾಕಲಿಲ್ಲ ಅವರು. ಮುಷ್ಟಿಯಲ್ಲೇ ಹಿಡಿದು ಕಿಟಕಿಯ ಆಚೆ ನೋಡುತ್ತಾ ಕೂತರು.

"ಗೊತ್ತು ಕಣಯ್ಯಾ" ಅಂದರು ಕೊನೆಗೆ. "ಬಣ್ಣ ಎಲ್ಲಾ ಒಂದೇ ಥರ ಕಾಣೋಕೆ ಶುರುವಾಗಿ ಎಷ್ಟೋ ದಿನ ಆಯ್ತು. ಎಲ್ಲದಕ್ಕೂ ಚಹಾ ಚೆಲ್ಲಿದ ಹಾಗೆ."

"ಮತ್ತೆ ಡಾಕ್ಟರ ಹತ್ರ ಬರೋಕೇನು? ಎಲ್ಲರೂ ಮಾಡಿಸ್ಕೊಳ್ತಾರೆ."

"ಎಲ್ಲರಿಗೂ ಕಣ್ಣು ನೋಡೋಕೆ. ನನಗದು ಕೆಲಸದ ಸಾಮಾನು. ಬಸ್ಸಿನ ಬಾಗಿಲು ನಜ್ಜುಗುಜ್ಜಾಗಿ ಬಂದ್ರೆ ಹೊಸ ಬಾಗಿಲಿಗೆ ನಾನು ಬಣ್ಣ ಕೂಡಿಸ್ತಿದ್ದೆ. ಹೊಸದು ಯಾವುದು ಅಂತ ಡ್ರೈವರಿಗೇ ಗೊತ್ತಾಗ್ತಿರ್ಲಿಲ್ಲ. ಈಗ ಅದನ್ನ ತೆಗೆದು ಪ್ಲಾಸ್ಟಿಕ್ಕಿಂದು ಹಾಕ್ತಾರಂತೆ. ಆಮೇಲೆ ನೀಲಿ ನೀಲಿಯಾಗಿ ಕಾಣದೇ ಹೋದ್ರೆ? ಈಗಲಾದ್ರೆ ಮಸುಕು ಅಂತ ಸಮಾಧಾನ ಇದೆ. ಆಮೇಲೆ ಏನೂ ಇಲ್ಲ."

ಇಷ್ಟು ದೊಡ್ಡ ಗಂಟಲಿನ ಮನುಷ್ಯ ಹೆದರಿಕೊಂಡಿದ್ದಾರೆ ಅಂತ ನನಗೆ ಹೊಳೆದೇ ಇರಲಿಲ್ಲ. ಸಮಾಧಾನ ಹೇಳೋಣ ಅಂದರೆ ನನಗೆ ಬರುವುದು ಲಿಫ್ಟಿನ ಭಾಷೆ ಒಂದೇ. "ಮಾವ, ಲಿಫ್ಟಿನ ಗಾಜು ಮಸುಕಾದ್ರೆ ಗಾಜು ಬದಲಾಯಿಸ್ತೀವಿ. ಲಿಫ್ಟ್ ಬಿಚ್ಚಿ ಎಸೆಯಲ್ಲ. ಬಣ್ಣ ಕೂಡಿಸೋದು ನಿಮ್ಮ ತಲೇಲಿದೆ, ಗಾಜಲ್ಲಿಲ್ಲ" ಅಂದೆ.

ಅವರು ಮುಷ್ಟಿ ಬಿಚ್ಚಿ ಗುಂಡನ್ನು ನನ್ನ ಕೈಗೆ ಹಾಕಿದರು.

"ಒಂದು ಷರತ್ತು. ಪಟ್ಟಿ ಬಿಚ್ಚಿದ ತಕ್ಷಣ ಮೊದಲು ಈ ಗುಂಡು ತೋರಿಸ್ಬೇಕು. ಡಾಕ್ಟರ ಮುಖ ಬೇಡ, ನಿನ್ನ ಮುಖ ಅಂತೂ ಬೇಡವೇ ಬೇಡ."

ಆಗಲಿ ಅಂದೆ.

ಜೂನ್ 24, ಮಂಗಳವಾರ

ಡಾಕ್ಟರಮ್ಮ ನೋಡಿದರು. ಎರಡೂ ಕಣ್ಣಿನ ಪೊರೆ ಬಲಿತಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು. ಮೊದಲು ಬಲಗಣ್ಣು, ಕೆಲವು ವಾರ ಬಿಟ್ಟು ಎಡಗಣ್ಣು. ಮಾವ ಇಡೀ ಹೊತ್ತು ಆಸ್ಪತ್ರೆಯ ಗೋಡೆ ಬಣ್ಣ ಸರಿಯಿಲ್ಲ ಅಂತ ಗೊಣಗಿದರು. ನರ್ಸ್ "ಯಾವ ಬಣ್ಣ ತಾತ ಇದು?" ಅಂದಿದ್ದಕ್ಕೆ "ಕೆಟ್ಟ ಬಣ್ಣ" ಅಂದರು.

ಜುಲೈ 3, ಗುರುವಾರ

ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ನನ್ನ ಕೈ ಹಿಡಿದಿದ್ದರು. ಬಾಗಿಲಲ್ಲಿ ಬಿಡಬೇಕಾಯಿತು.

ಕೂತರೆ ನಿಲ್ಲಬೇಕು ಅನ್ನಿಸುತ್ತದೆ, ನಿಂತರೆ ಕೂರಬೇಕು. ನಾನೇ ಒತ್ತಾಯ ಮಾಡಿ ತಂದಿದ್ದು. ಏನಾದರೂ ಹೆಚ್ಚುಕಡಿಮೆಯಾದರೆ ಯಾವ ಮುಖ ಇಟ್ಟುಕೊಂಡು ಅವಳಿಗೆ ಹೇಳಲಿ? ಅವಳು ಹಾಗಿರಲಿ, ಇವರಿಗೇನು ಹೇಳಲಿ? ಜೇಬಿನಲ್ಲಿ ಗುಂಡು ತಿರುವುತ್ತಾ ಇದ್ದೆ. ಅಷ್ಟರಲ್ಲಿ ಆಸ್ಪತ್ರೆಯ ಲಿಫ್ಟು ಬಾಗಿಲು ಮುಚ್ಚಲಾರದೆ ಕಟಕಟ ಅನ್ನತೊಡಗಿತು. ತಡೆಯಲಾಗಲಿಲ್ಲ, ಹೋಗಿ ಸರಿಮಾಡಿದೆ. ಬಾಗಿಲಿನ ಸಂದಿಯಲ್ಲಿ ಯಾರದೋ ಮಾತ್ರೆಯ ಪೊಟ್ಟಣ ಸಿಕ್ಕಿಕೊಂಡಿತ್ತು. ಕಾವಲುಗಾರ ಬೈಯಲು ಬಂದವನು ಸೆಲ್ಯೂಟ್ ಹೊಡೆದು ಹೋದ.

ಅದೇ ಲಿಫ್ಟಿನಲ್ಲಿ ಮಾವನನ್ನು ಕೆಳಗೆ ತಂದರು. ಕಣ್ಣಿಗೆ ಪಟ್ಟಿ. "ಲಿಫ್ಟು ಚೆನ್ನಾಗಿ ಓಡ್ತಿದೆ" ಅಂದರು. ನನಗೆ ಅಳು ಬರುವ ಹಾಗಾಯಿತು, ಯಾಕೋ ಗೊತ್ತಿಲ್ಲ. ಬೆಳಗ್ಗೆ ತಿಂಡಿ ತಿಂದಿರಲಿಲ್ಲ, ಅದಕ್ಕೇ ಇರಬೇಕು.

ಜುಲೈ 4, ಶುಕ್ರವಾರ

ಡಾಕ್ಟರಮ್ಮ ಪಟ್ಟಿ ಬಿಚ್ಚುವಾಗ ನಾನು ಅವರ ಹೆಗಲ ಮೇಲಿಂದ ಕೈ ಚಾಚಿ ಗುಂಡು ಹಿಡಿದು ನಿಂತಿದ್ದೆ. "ಏನ್ರೀ ಇದು?" ಅಂದರು. "ಷರತ್ತು" ಅಂದೆ.

ಮಾವ ರೆಪ್ಪೆ ಬಡಿದರು. ಕಣ್ಣು ಕಿರಿದು ಮಾಡಿದರು.

"ಅಯ್ಯೋ!" ಅಂದರು. "ಇಷ್ಟು ನೀಲಿ ಇತ್ತಾ ಇದು? ಇಷ್ಟು ನೀಲಿ ಇತ್ತೇನೋ?" ಗುಂಡನ್ನು ತೆಗೆದುಕೊಂಡು ಎದೆ ಹತ್ತಿರ ಹಿಡಿದುಕೊಂಡರು. "ಅಂಗಡೀಲಿ ಹೀಗೇ ಇತ್ತು. ಹೀಗೇ ಹೊಳೀತಿತ್ತು ಅವಳ ಕೈಯಲ್ಲಿ."

ಅಳಬಾರದು ಅಂತ ಡಾಕ್ಟರಮ್ಮ ಹೇಳಿದ್ದರು. ಕೇಳುವ ಮನುಷ್ಯನೇ?

ಮನೆಗೆ ಬಂದು ಬಾಗಿಲು ತೆಗೆದೆ. ಹಾಲ್‌ನ ನಡುವೆ ನಿಂತು ಸುತ್ತ ನೋಡಿದರು. "ಯಾವನೋ ಅವನು ಈ ಗೋಡೆಗೆ ನೀಲಿ ಬಳಿದವನು?" ಅಂತ ಗದರಿದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಒಂದು ವರ್ಷದಿಂದ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರಲ್ಲೋ, ಕಳ್ಳ ನನ್ಮಕ್ಕಳಾ!"

"ನಿಮ್ಮ ಮಗಳು ಜಿಗುಟಿದಳು, ಮಾವ."

ಇಬ್ಬರೂ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕೆವು. ಪುನಃ ಬಿಳಿ ಬಳಿಯುತ್ತೇನೆ ಅಂತ ಎದ್ದರು. ಬೇಡ ಅಂದೆ. ನನಗೆ ಈ ಗೋಡೆ ಅಭ್ಯಾಸವಾಗಿಬಿಟ್ಟಿದೆ.

ಜುಲೈ 13, ಭಾನುವಾರ

ಡಾಕ್ಟರಮ್ಮ ಒಲೆ ಹತ್ತಿರ ಹೋಗಬೇಡಿ ಅಂದಿದ್ದಾರೆ. ಆದ್ದರಿಂದ ಮಾವ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕಪ್ಪು ಕನ್ನಡಕದಲ್ಲಿ, ಸಿನಿಮಾ ಖಳನಾಯಕನ ಹಾಗೆ ಕೂತು ಅಪ್ಪಣೆ ಕೊಡುತ್ತಿದ್ದರು. "ಹಸಿರು ಒಂದು ಚಿಟಿಕೆ. ಚಿಟಿಕೆ ಅಂದೆ ಕಣೋ, ಮುಷ್ಟಿ ಅಲ್ಲ! ತಿರುಗಿಸು. ಈಗ ತೆಗಿ. ಬೆಳಕಿಗೆ ಹಿಡಿ. ಮತ್ತೆ ಹಾಕು."

ಮೊದಲನೆಯದು ಆಗಲಿಲ್ಲ, ಎರಡನೆಯದು ಹತ್ತಿರ ಬಂತು. ಮೂರನೆಯದನ್ನು ಎತ್ತಿದಾಗ ಅವರು ಕನ್ನಡಕ ತೆಗೆದರು, ಎಡಗಣ್ಣಿಗೆ ಕೈ ಅಡ್ಡ ಹಿಡಿದರು, ಹಳೆಯದರ ಪಕ್ಕಕ್ಕಿಟ್ಟು ನೋಡಿದರು. ಬೆನ್ನು ಚಪ್ಪರಿಸಿದರು. ಅಷ್ಟು ಜೋರಾಗಿ ಚಪ್ಪರಿಸಬೇಕಿರಲಿಲ್ಲ.

ನಾನು ಎಷ್ಟು ನೋಡಿದರೂ ಯಾವುದು ಹಳೆಯದು ಅಂತ ತಿಳಿಯಲಿಲ್ಲ. ಕೊನೆಗೆ ಹಲ್ಲಿನ ಗುರುತು ಹುಡುಕಿ ಎಡಗಡೆಗೆ ಹಾಕಿದೆ. ನಮ್ಮ ಪೆಟ್ಟಿಗೆ ಮುಗಿಯಿತು. ಪರೀಕ್ಷೆಗೆ ಅಂತ ಒಂದು ಆಟ ಆಡಿದೆವು. ಇನ್ನೊಂದು ಆಡಿದೆವು. ಅನ್ನ ತಳ ಹಿಡಿಯಿತು.

ಜುಲೈ 19, ಶನಿವಾರ

ಬಂದಳು!

ಬಾಗಿಲಲ್ಲಿ ಚೀಲ ಬಿಟ್ಟು ಪೆಟ್ಟಿಗೆ ಮುಂದೆ ನಿಂತಳು. ಎಡಗಡೆಯ ಗುಂಡು ಹಿಡಿದಳು, ಹೆಬ್ಬೆರಳು ತಾನಾಗಿಯೇ ಕೆಳಗೆ ಹೋಯಿತು, ಅಪ್ಪನದು ಹೋದ ಹಾಗೇ. ಬಲಗಡೆಯದನ್ನು ನೋಡಿದಳು. "ಇದು ಎಲ್ಲಿ ಸಿಕ್ತು? ಆ ಅಂಗಡೀದೇ ಅಲ್ವಾ ಇದೂ?" ಅಂದಳು. ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಡ್ರೈವರಿಗೇ ಗೊತ್ತಾಗಲಿಲ್ಲ.

ಆಮೇಲೆ ಅಪ್ಪನ ಕಣ್ಣು ನೋಡಿದಳು, ಅಪ್ಪನನ್ನು ಅಪ್ಪಿಕೊಂಡಳು, ನನ್ನನ್ನೂ. ಹಾಲಿನ ಪಾತ್ರೆ ನೋಡಿದಳು. ಅದರ ವಿವರ ಇಲ್ಲಿ ಬೇಡ.

ಅಪ್ಪ ಮಗಳು ಸಂಜೆಯೆಲ್ಲ ಆಡಿದರು. ಅಪ್ಪ ಸೋತರು. ಮಗಳು ಒಂದಿಷ್ಟೂ ಬಿಟ್ಟುಕೊಡಲಿಲ್ಲ.

ಜುಲೈ 20, ಭಾನುವಾರ

ಬೆಳಗ್ಗೆ ಎದ್ದರೆ ಮಾವ ಟ್ರಂಕು ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಾರೆ. ಚಪ್ಪಲಿ ಬೇರೆ ಹಾಕಿಕೊಂಡಿದ್ದಾರೆ.

"ಇರಿ ಅಪ್ಪ ಇನ್ನೂ ಸ್ವಲ್ಪ ದಿನ" ಅಂದಳು ಇವಳು.

"ಯಾಕಮ್ಮ? ನೀನು ಬಂದೆ, ಕಣ್ಣಾಯ್ತು, ಪೆಟ್ಟಿಗೆ ಆಯ್ತು. ಇನ್ನೊಂದು ಕಣ್ಣಿಗೆ ಆಸ್ಪತ್ರೆಗೆ ನಾನೇ ಬಸ್ಸಲ್ಲಿ ಹೋಗಿ ಬರ್ತೀನಿ. ಕೆಲಸ ಮುಗಿದ ಮೇಲೆ ಇನ್ನೊಬ್ಬರ ಮನೇಲಿ ಸುಮ್ನೆ ಕೂರೋ ಜಾಯಮಾನ ನಂದಲ್ಲ."

ಅವಳು ಮತ್ತೆ ಮತ್ತೆ ಕರೆದಳು. ಅವರು ಟ್ರಂಕಿನ ಹಿಡಿಕೆ ಬಿಡಲಿಲ್ಲ. ಹಠಕ್ಕೆ ಬಿದ್ದರೆ ಅವರನ್ನು ಅಲ್ಲಾಡಿಸುವುದು ಇವಳ ಕೈಲಾಗುವುದಿಲ್ಲ. ಎಷ್ಟಾದರೂ ನಾನು ಅವರ ಜೊತೆ ಇದ್ದವನು, ನನಗೆ ಗೊತ್ತು. ಒಳಗೆ ಹೋಗಿ ಎರಡೂ ಗುಂಡು ಬಿಚ್ಚಿ ತಂದೆ. ಬಾಗಿಲಲ್ಲಿ, ಒಳ್ಳೆ ಬಿಸಿಲಿನಲ್ಲಿ, ಅಂಗೈ ಮೇಲಿಟ್ಟು ಹಿಡಿದೆ.

"ಮಾವ, ನಿನ್ನೆಯಿಂದ ನೋಡ್ತಿದ್ದೀನಿ. ಇದು ಜೋಡಿ ಆಗಿಲ್ಲ."

ಈಗ ಆ ಕಣ್ಣಿಗೆ ಸುಳ್ಳು ಹೇಳುವುದು ಸುಲಭವಲ್ಲ. ಅವರು ಬಗ್ಗಿದರು. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಆಮೇಲೆ ಅದೇ ಕಣ್ಣಿನಲ್ಲಿ ನನ್ನ ಮುಖವನ್ನು ನೋಡಿದರು. ಗುಂಡುಗಳಿಗಿಂತ ಹೆಚ್ಚು ಹೊತ್ತು ನೋಡಿದರು.

"ಹೌದು ಕಣೋ" ಅಂದರು. "ಹಸಿರು ಒಂದು ಚಿಟಿಕೆ ಜಾಸ್ತಿಯಾಗಿದೆ."

"ಮತ್ತೆ ಬೇಯಿಸ್ಬೇಕು."

"ಬೇಯಿಸ್ಲೇಬೇಕು. ಒಂದೆರಡು ಸಲಕ್ಕೆ ಆಗೋ ಕೆಲಸ ಅಲ್ಲ ಇದು."

"ಏನಾಗಿದೆ ನಿಮ್ಮಿಬ್ರಿಗೂ?" ಇವಳು ಎರಡನ್ನೂ ಕಸಿದುಕೊಂಡು ನೋಡಿದಳು. "ಎರಡೂ ಒಂದೇ ಥರ ಇದೆಯಲ್ಲ!"

"ನಿನಗೆ ಬಣ್ಣ ಗೊತ್ತಾಗಲ್ಲ, ಸುಮ್ನಿರು" ಅಂದೆವು ಇಬ್ಬರೂ ಒಟ್ಟಿಗೇ.

ಅವರು ಚಪ್ಪಲಿ ಬಿಟ್ಟರು. ಟ್ರಂಕನ್ನು ನಾನೇ ಒಳಗೆ ಹೊತ್ತೆ, ಅಬ್ಬಾ ಏನು ಭಾರ. ಅವರು ಅಷ್ಟರಲ್ಲೇ ನನ್ನ ಸ್ಕ್ರೂಡ್ರೈವರ್ ಡಬ್ಬ ತೆಗೆದು ಉದ್ದದ ಪ್ರಕಾರ ಜೋಡಿಸಲು ಶುರು ಮಾಡಿದ್ದರು.

ಬಣ್ಣದ ಪುಡಿ ಮುಗಿದಿದೆ. ನಾಳೆ ಕೆಲಸದಿಂದ ಬರುವಾಗ ತರಬೇಕು. ಚಿಕ್ಕ ಪೊಟ್ಟಣ ಸಾಲುವುದಿಲ್ಲ, ದೊಡ್ಡ ಡಬ್ಬವನ್ನೇ ತರುತ್ತೇನೆ.